ದೇಹನಿಂದೆಯ ಜಾಹೀರಾತು ಮತ್ತು ಶ್ರಾವಕಧರ್ಮ

ವಚನವೆಂದರೆ ಬಾಯಿಂದ ಹೊರಟ ಮಾತು ಮಾತ್ರವಲ್ಲ. ಅಂಗಡಿಯ ನಾಮಫಲಕ, ಗಿರಾಕಿಯ ಕೈಗೆ ಕೊಡುವ ಚೀಟಿ, ರಸ್ತೆಯ ತಿರುವಿನಲ್ಲಿ ತೂಗುವ ಫ್ಲೆಕ್ಸ್, ಮೊಬೈಲಿನಲ್ಲಿ ಮಿಂಚಿ ಮರೆಯಾಗುವ ಚಿತ್ರ, ಇವೆಲ್ಲವೂ ವಚನವೇ. ಆಡಿದ ಮಾತಿಗೆ ಆಡಿದವನು ಹೊಣೆಯಾಗುವಂತೆ ಬರೆಸಿದ ಮಾತಿಗೆ ಬರೆಸಿದವನು ಹೊಣೆ. ವ್ಯಾಪಾರಿಯ ಸತ್ಯಾಣುವ್ರತವನ್ನು ನಾವು ಬಹುಕಾಲದಿಂದ ತಕ್ಕಡಿ, ಅಳತೆಗೋಲು ಮತ್ತು ಲೆಕ್ಕದ ಪುಸ್ತಕ ಇವುಗಳ ಮಟ್ಟಿಗೆ ಮಾತ್ರ ವಿಚಾರಿಸುತ್ತ ಬಂದಿದ್ದೇವೆ. ಜಾಹೀರಾತಿನ ವಿಷಯದಲ್ಲಿ ಆ ವ್ರತ ಏನು ಹೇಳುತ್ತದೆಂಬ ವಿಚಾರ ನಮ್ಮಲ್ಲಿ ನಡೆದದ್ದು ವಿರಳ.

ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ಸೀಮಿತವಾದದ್ದು. ಸ್ಥೂಲಕಾಯದವರನ್ನು ಹೀಯಾಳಿಸಿ, ಅವರಿಗೆ ತಮ್ಮ ದೇಹದ ಬಗ್ಗೆ ನಾಚಿಕೆ ಹುಟ್ಟಿಸಿ, ಆ ನಾಚಿಕೆಯ ಬಲದಿಂದ ವ್ಯಾಯಾಮಶಾಲೆಯ ಸದಸ್ಯತ್ವವನ್ನೋ ತೂಕ ಇಳಿಸುವ ಪುಡಿಯನ್ನೋ ಮಾರುವ ಜಾಹೀರಾತು ಒಪ್ಪತಕ್ಕದ್ದೇ? ಇದು ಸಣ್ಣ ವಿಷಯ, ನಕ್ಕು ಮುಂದೆ ಹೋಗಬೇಕಾದದ್ದು ಎನ್ನುವವರಿದ್ದಾರೆ. ಸಮಾಜದಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿಯನ್ನು ಪ್ರತಿದಿನ ಬೀದಿಯಲ್ಲಿ ನಿಲ್ಲಿಸಿ ನಗುವ ವಿಷಯ ಸಣ್ಣದೆಂದು ನನಗೆ ತೋರುವುದಿಲ್ಲ. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಮಹಿಳೆಯರಲ್ಲಿ ಶೇಕಡ ೨೪ ಮತ್ತು ಪುರುಷರಲ್ಲಿ ಶೇಕಡ ೨೨.೯ ಮಂದಿ ಅಧಿಕ ತೂಕದವರು. ಕರ್ನಾಟಕದಲ್ಲಿ ಇಬ್ಬರಲ್ಲಿಯೂ ಈ ಪ್ರಮಾಣ ಶೇಕಡ ೩೦ನ್ನು ದಾಟಿದೆ. ಇವರು ಬೇರೆ ಯಾರೋ ಅಲ್ಲ. ನಮ್ಮ ಅಕ್ಕತಂಗಿಯರು, ಅಣ್ಣತಮ್ಮಂದಿರು, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ನಾವೇ.

ಗರಡಿಮನೆಯಿಂದ ಜಿಮ್ಮಿಗೆ

ದಾವಣಗೆರೆಯು ದೇಹಸಾಧನೆಯನ್ನು ಇತ್ತೀಚೆಗೆ ಕಲಿತ ಊರಲ್ಲ. ನಗರದೇವತೆ ದುರ್ಗಾಂಬಿಕೆಯ ಜಾತ್ರೆಯೆಂದರೆ ಕುಸ್ತಿಯ ಕಣವೂ ನೆನಪಾಗುತ್ತದೆ. ಗರಡಿಮನೆಯಲ್ಲಿ ದಂಡ ಹೊಡೆದು, ಬಸ್ಕಿ ತೆಗೆದು, ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದ ಪೈಲ್ವಾನರನ್ನು ಈ ಊರು ಗೌರವಿಸಿದೆ. ಆ ಗರಡಿಯಲ್ಲಿ ದಪ್ಪ ಹುಡುಗನಿಗೂ ಸಣಕಲು ಹುಡುಗನಿಗೂ ಜಾಗವಿತ್ತು. ಉಸ್ತಾದನು ಶಿಷ್ಯನನ್ನು ಒಳಗೆ ಗದರಿಸಿದರೂ ಹೊರಗೆ ಹೋಗುವವರ ಹೊಟ್ಟೆ ನೋಡಿ ನಗುವ ಹಲಗೆಯನ್ನು ಬಾಗಿಲಿಗೆ ತೂಗುಹಾಕುತ್ತಿರಲಿಲ್ಲ. ಸಾಧನೆ ಮತ್ತು ನಿಂದೆ ಒಂದೇ ವಸ್ತುವಲ್ಲವೆಂಬುದಕ್ಕೆ ನಮ್ಮ ಊರಿನ ಗರಡಿಯೇ ಸಾಕ್ಷಿ.

ಆಮೇಲೆ ಬದುಕಿನ ರೀತಿ ಬದಲಾಯಿತು. ಹತ್ತಿ ಗಿರಣಿಗಳ ಊರೆನಿಸಿದ್ದ ದಾವಣಗೆರೆಯಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹದಿನಾಲ್ಕು ಕಿಲೋಮೀಟರ್ ಆಚೆಯ ಹರಿಹರದಲ್ಲಿ ೧೯೪೧ರಲ್ಲಿ ಸ್ಥಾಪನೆಯಾಗಿ, ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ನಿಂತು ದುಡಿಯುತ್ತಿದ್ದವರ ಮಕ್ಕಳು ಕುಳಿತು ದುಡಿಯುವವರಾದರು. ಸೈಕಲ್ಲಿನ ಸ್ಥಾನವನ್ನು ಸ್ಕೂಟರು ತೆಗೆದುಕೊಂಡಿತು. ನಾವು ವರ್ತಕರಂತೂ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಗಾದಿಯನ್ನು ಬಿಟ್ಟು ಏಳುವವರಲ್ಲ. ಬೆಣ್ಣೆದೋಸೆ, ಮಿರ್ಚಿ ಮಂಡಕ್ಕಿ ಮಾತ್ರ ಹಾಗೆಯೇ ಉಳಿದವು. ಅವನ್ನು ಅರಗಿಸುತ್ತಿದ್ದ ದುಡಿಮೆ ಹೋಯಿತು. ಹೀಗೆ ಊರಿನ ದೇಹ ದಪ್ಪವಾದದ್ದು ಊರಿನ ಆರ್ಥಿಕ ಇತಿಹಾಸದ ಒಂದು ಭಾಗ. ಅದನ್ನು ಒಬ್ಬೊಬ್ಬನ ನೀತಿಯ ಪತನವೆಂದು ಬಣ್ಣಿಸುವುದು ಮೊದಲನೆಯ ತಪ್ಪು ಲೆಕ್ಕ.

ಇಂತಹ ಕಾಲದಲ್ಲಿ ವ್ಯಾಯಾಮಶಾಲೆಗಳು ಬಂದದ್ದು ಒಳ್ಳೆಯದೇ. ಅವುಗಳ ಜಾಹೀರಾತುಗಳನ್ನು ಗಮನಿಸಿ ನೋಡಿದರೆ ಎರಡು ಬಗೆ ಕಾಣುತ್ತದೆ. ಒಂದು ಕರೆಯುವ ಬಗೆ: ಸಮಯ ಇಷ್ಟು, ಶುಲ್ಕ ಇಷ್ಟು, ಮಹಿಳೆಯರಿಗೆ ಪ್ರತ್ಯೇಕ ವೇಳೆ ಇದೆ, ಬನ್ನಿ. ಇದರ ಮೇಲೆ ಯಾರ ತಕರಾರೂ ಇಲ್ಲ. ಎರಡನೆಯದು ಚುಚ್ಚುವ ಬಗೆ. ಇದರಲ್ಲಿ ಮನುಷ್ಯನನ್ನು ಡ್ರಮ್ಮಿಗೋ ಎಮ್ಮೆಗೋ ಕುಂಬಳಕಾಯಿಗೋ ಹೋಲಿಸಲಾಗುತ್ತದೆ. ‘ಮೊದಲು’ ಎಂಬ ಚಿತ್ರದಲ್ಲಿ ಜೋಲುಮುಖದ ದಪ್ಪ ವ್ಯಕ್ತಿ, ‘ನಂತರ’ ಎಂಬ ಚಿತ್ರದಲ್ಲಿ ನಗುಮುಖದ ತೆಳ್ಳಗಿನ ವ್ಯಕ್ತಿ. ಇನ್ನು ಕೆಲವು ಚಿತ್ರಗಳಲ್ಲಿ ಮುಖವೇ ಇರುವುದಿಲ್ಲ. ಕುತ್ತಿಗೆಯಿಂದ ಮೇಲಕ್ಕೆ ಕತ್ತರಿಸಿ ಹೊಟ್ಟೆಯನ್ನು ಮಾತ್ರ ಉಳಿಸಿರುತ್ತಾರೆ. ಮುಖವಿದ್ದರೆ ಅದು ಯಾರದೋ ತಾಯಿ, ಯಾರದೋ ಮಗ ಎಂದು ನೋಡುವವನಿಗೆ ಅನ್ನಿಸೀತು. ಮುಖ ತೆಗೆದ ಮೇಲೆ ನಗುವುದು ಸುಲಭ.

ಎರಡು ಪ್ರಸಿದ್ಧ ಫಲಕಗಳು

ಈ ಬಗೆಯ ಜಾಹೀರಾತು ನಮ್ಮ ಊರಿನಲ್ಲಿ ಹುಟ್ಟಿದ್ದಲ್ಲ. ಇದರ ಕುಲವನ್ನು ತಿಳಿಯಲು ಎರಡು ಹೊರದೇಶದ ಪ್ರಕರಣಗಳನ್ನು ನೋಡುವುದು ಉಚಿತ.

೧೯೯೯ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ‘೨೪ ಅವರ್ ಫಿಟ್‌ನೆಸ್’ ಎಂಬ ವ್ಯಾಯಾಮಶಾಲೆಯವರು ದೊಡ್ಡ ಫಲಕವೊಂದನ್ನು ಹಾಕಿದರು. ಅನ್ಯಗ್ರಹದ ಜೀವಿಯ ಚಿತ್ರ. ಅವರು ಭೂಮಿಗೆ ಬಂದಾಗ ದಪ್ಪಗಿರುವವರನ್ನೇ ಮೊದಲು ತಿನ್ನುವರು ಎಂಬ ಅರ್ಥದ ಬರಹ. ಹಾಕಿದವರಿಗೆ ಅದು ವಿನೋದ. ದಪ್ಪಗಿನ ದೇಹದವರು ಅದೇ ವ್ಯಾಯಾಮಶಾಲೆಯ ಮುಂದೆ ಸೇರಿ ಪ್ರತಿಭಟಿಸಿದರು. ವಿಷಯ ನಗರಾಡಳಿತದವರೆಗೆ ಹೋಯಿತು. ೨೦೦೦ದಲ್ಲಿ ಆ ನಗರವು ಎತ್ತರ ಮತ್ತು ತೂಕದ ಆಧಾರದ ಮೇಲೆ ಉದ್ಯೋಗ, ವಸತಿ ಮುಂತಾದವುಗಳಲ್ಲಿ ತಾರತಮ್ಯ ಮಾಡಕೂಡದೆಂದು ಕಾನೂನು ಮಾಡಿತು. ಒಂದು ಫಲಕದ ನಗೆಯು ಎಷ್ಟು ಜನರ ಹಳೆಯ ಗಾಯವನ್ನು ಮುಟ್ಟಿತೆಂಬುದಕ್ಕೆ ಇದು ನಿದರ್ಶನ. ಅವರು ಒಂದು ಚಿತ್ರಕ್ಕಾಗಿ ಮಾತ್ರ ಬೀದಿಗೆ ಬರಲಿಲ್ಲ. ನೌಕರಿಯಲ್ಲಿ, ಬಾಡಿಗೆಮನೆಯಲ್ಲಿ, ಆಸ್ಪತ್ರೆಯಲ್ಲಿ ಉಂಡ ಅವಮಾನದ ಮೊತ್ತ ಆ ಚಿತ್ರದಲ್ಲಿ ಅವರಿಗೆ ಕಂಡಿತು.

ಎರಡನೆಯದು ೨೦೧೫ರ ಲಂಡನ್ನಿನದು. ಅಲ್ಲಿನ ಸುರಂಗ ರೈಲಿನ ನಿಲ್ದಾಣಗಳಲ್ಲಿ ‘ಪ್ರೋಟೀನ್ ವರ್ಲ್ಡ್’ ಎಂಬ ಕಂಪನಿಯು ತೂಕ ಇಳಿಸುವ ಉತ್ಪನ್ನಗಳಿಗಾಗಿ ತೆಳ್ಳನೆಯ ರೂಪದರ್ಶಿಯ ಚಿತ್ರ ಹಾಕಿ, ನಿಮ್ಮ ದೇಹ ಸಮುದ್ರತೀರಕ್ಕೆ ಸಿದ್ಧವಾಗಿದೆಯೇ ಎಂಬರ್ಥದ ಪ್ರಶ್ನೆ ಕೇಳಿತು. ಇಲ್ಲಿ ಬೈಗುಳವಿಲ್ಲ, ಹೋಲಿಕೆಯಿಲ್ಲ. ಆದರೂ ಸುಮಾರು ೭೦,೦೦೦ ಜನ ಅದರ ವಿರುದ್ಧ ಮನವಿಗೆ ಸಹಿ ಹಾಕಿದರು. ಬ್ರಿಟನ್ನಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರಕ್ಕೆ ೩೭೮ ದೂರುಗಳು ಬಂದವು. ಆ ಪ್ರಾಧಿಕಾರವು ವಿಚಾರಣೆ ನಡೆಸಿ, ಅದನ್ನು ಅಸಭ್ಯವೆಂದಾಗಲಿ ಬೇಜವಾಬ್ದಾರಿಯದೆಂದಾಗಲಿ ಹೇಳಲಾಗದೆಂದು ತೀರ್ಮಾನಿಸಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೧೬ರಲ್ಲಿ ಲಂಡನ್ನಿನ ಹೊಸ ಮೇಯರ್ ಸಾದಿಕ್ ಖಾನ್ ಅವರು ದೇಹದ ಬಗ್ಗೆ ಕೀಳರಿಮೆ ಹುಟ್ಟಿಸುವ ಜಾಹೀರಾತುಗಳಿಗೆ ನಗರ ಸಾರಿಗೆಯ ಗೋಡೆಗಳಲ್ಲಿ ಇನ್ನು ಜಾಗವಿಲ್ಲವೆಂದು ಪ್ರಕಟಿಸಿದರು.

ಈ ಎರಡನೆಯ ಪ್ರಕರಣ ನಮಗೆ ಹೆಚ್ಚು ಮುಖ್ಯ. ನಿಯಂತ್ರಕರು ‘ಅಡ್ಡಿಯಿಲ್ಲ’ ಎಂದರು. ಗೋಡೆಯ ಒಡೆಯರು ‘ನಮ್ಮ ಗೋಡೆ ಕೊಡುವುದಿಲ್ಲ’ ಎಂದರು. ಕಾನೂನಿನ ಒಪ್ಪಿಗೆ ಒಂದು, ಧರ್ಮದ ಒಪ್ಪಿಗೆ ಮತ್ತೊಂದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದು ನಿಜವೇ?

ನಿಂದೆಯ ಜಾಹೀರಾತಿನ ಪರವಾಗಿ ಹೇಳುವ ಮೊದಲ ಮಾತು ‘ನಿಜವನ್ನೇ ತಾನೇ ಹೇಳಿದ್ದು’ ಎಂಬುದು. ಆದ್ದರಿಂದ ನಿಜವನ್ನೇ ಮೊದಲು ಪರೀಕ್ಷಿಸೋಣ.

ಈ ಜಾಹೀರಾತುಗಳು ಮೂರು ಸಂಗತಿಗಳನ್ನು ಹೇಳದೆ ಹೇಳುತ್ತವೆ. ಕಣ್ಣಿಗೆ ದಪ್ಪಗೆ ಕಂಡವನು ರೋಗಿ, ತೆಳ್ಳಗೆ ಕಂಡವನು ಆರೋಗ್ಯವಂತ ಎಂಬುದು ಒಂದು. ದಪ್ಪಗಿರುವುದು ಸೋಮಾರಿತನದ ಮತ್ತು ಹೊಟ್ಟೆಬಾಕತನದ ಫಲ ಮಾತ್ರ ಎಂಬುದು ಇನ್ನೊಂದು. ನಾಚಿಕೆಪಡಿಸಿದರೆ ಮನುಷ್ಯ ಸುಧಾರಿಸುತ್ತಾನೆ ಎಂಬುದು ಮೂರನೆಯದು.

ಮೊದಲನೆಯದಕ್ಕೆ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಅವರೇ ಉತ್ತರವಾಗಿದ್ದಾರೆ. ೨೦೦೪ರಲ್ಲಿ ಅವರೂ ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಅವರೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮ ಸ್ವಂತ ದೇಹಗಳ ಅಳತೆಯನ್ನೇ ಪ್ರಕಟಿಸಿದರು. ಎತ್ತರಕ್ಕೆ ತೂಕವನ್ನು ಹೊಂದಿಸಿ ನೋಡುವ ದೇಹಸೂಚ್ಯಂಕ ಇಬ್ಬರದೂ ಒಂದೇ: ೨೨.೩. ಆದರೆ ದೇಹದಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡ ೯.೧, ಯಾಜ್ಞಿಕ್ ಅವರಲ್ಲಿ ಶೇಕಡ ೨೧.೨. ತೆಳ್ಳಗೆ ಕಾಣುವ ಭಾರತೀಯನ ಒಳಗೆ ಕೊಬ್ಬು ಅಡಗಿರಬಹುದು, ಅವನಿಗೂ ಸಕ್ಕರೆ ಕಾಯಿಲೆ ಬರಬಹುದು. ಬೀದಿಯಲ್ಲಿ ಹೋಗುವವನ ಹೊಟ್ಟೆ ನೋಡಿ ತೀರ್ಪು ಕೊಡುವ ಫಲಕವು ದಪ್ಪಗಿನವನಿಗೆ ನೋವು ಕೊಡುತ್ತದೆ. ತೆಳ್ಳಗಿನವನಿಗೆ ಸುಳ್ಳು ಧೈರ್ಯ ಕೊಡುತ್ತದೆ. ಎರಡೂ ಅಹಿತವೇ.

ಎರಡನೆಯದಕ್ಕೆ ೧೯೮೬ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನವೊಂದನ್ನು ನೋಡಬಹುದು. ದತ್ತು ಹೋಗಿ ಬೆಳೆದ ೫೪೦ ಮಂದಿಯ ತೂಕವನ್ನು ಪರಿಶೀಲಿಸಿದಾಗ ಅದು ಹೆತ್ತವರ ತೂಕಕ್ಕೆ ಹೊಂದುತ್ತಿತ್ತು, ಸಾಕಿದವರ ತೂಕಕ್ಕೆ ಹೊಂದುತ್ತಿರಲಿಲ್ಲ. ಊಟ, ದುಡಿಮೆ, ನಿದ್ರೆ, ಔಷಧ ಇವುಗಳ ಪಾತ್ರ ಇಲ್ಲವೆಂದಲ್ಲ. ಆದರೆ ಎಲ್ಲವೂ ಒಬ್ಬನ ಸೋಮಾರಿತನವೆಂಬ ಮಾತು ಸುಳ್ಳು. ಜೈನರಿಗೆ ಇದು ಆಶ್ಚರ್ಯದ ವಿಷಯವೂ ಅಲ್ಲ. ದೇಹದ ಆಕಾರವನ್ನು ನಮ್ಮ ಶಾಸ್ತ್ರವು ನಾಮಕರ್ಮದ ಅಧೀನವೆಂದು ಹೇಳಿ, ಸಂಸ್ಥಾನವನ್ನು ಆರು ಬಗೆಯಾಗಿ ಎಣಿಸಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ಅದು ನಿನ್ನ ಕರ್ಮ’ ಎಂದು ಇನ್ನೊಬ್ಬನ ಮೇಲೆ ಎಸೆಯುವುದಕ್ಕಾಗಿ ಕರ್ಮಸಿದ್ಧಾಂತ ಹುಟ್ಟಿಲ್ಲ. ಪರರನ್ನು ನಿಂದಿಸಿ ತನ್ನನ್ನು ಹೊಗಳಿಕೊಳ್ಳುವುದು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ಹೇಳಿರುವಾಗ, ದಪ್ಪಗಿನವನನ್ನು ನೋಡಿ ನಗುವವನು ಆ ಕ್ಷಣದಲ್ಲಿ ತನ್ನ ಕರ್ಮದ ಖಾತೆಯನ್ನು ನೋಡಿಕೊಳ್ಳುವುದು ಲೇಸು.

ಮೂರನೆಯ ಸಂಗತಿಯೇ ಈ ವ್ಯಾಪಾರದ ಬುಡ. ನಾಚಿಕೆಯಿಂದ ತೂಕ ಇಳಿಯುವುದೇ? ೨೦೧೩ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ೬,೧೫೭ ಮಂದಿಯನ್ನು ನಾಲ್ಕು ವರ್ಷ ಗಮನಿಸಲಾಯಿತು. ಆರಂಭದಲ್ಲಿ ಸ್ಥೂಲಕಾಯರಲ್ಲದವರ ಪೈಕಿ, ತೂಕದ ಕಾರಣದಿಂದ ತಾರತಮ್ಯಕ್ಕೆ ಗುರಿಯಾದೆವೆಂದು ಹೇಳಿದವರು ಮುಂದೆ ಸ್ಥೂಲಕಾಯರಾಗುವ ಸಂಭವ ಉಳಿದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿತ್ತು. ೨೦೧೪ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನದಲ್ಲಿ ೨,೯೪೪ ಮಂದಿಯಿದ್ದರು. ನಾಲ್ಕು ವರ್ಷಗಳಲ್ಲಿ ಅವಮಾನಕ್ಕೆ ಗುರಿಯಾದವರ ತೂಕ ಸರಾಸರಿ ೦.೯೫ ಕಿಲೋ ಏರಿತು, ಗುರಿಯಾಗದವರದು ೦.೭೧ ಕಿಲೋ ಇಳಿಯಿತು. ಇವು ಜಾಹೀರಾತನ್ನೇ ಕುರಿತ ಅಧ್ಯಯನಗಳಲ್ಲ, ಬದುಕಿನ ಒಟ್ಟು ಅವಮಾನವನ್ನು ಕುರಿತವು ಎಂಬುದನ್ನು ನೆನಪಿನಲ್ಲಿಡಬೇಕು. ಆದರೂ ಅವಮಾನ ಔಷಧವಾಗುತ್ತದೆಂಬ ನಂಬಿಕೆಗೆ ಇವು ಆಧಾರ ಕೊಡುವುದಿಲ್ಲ. ೨೦೨೦ರಲ್ಲಿ ಹಲವು ದೇಶಗಳ ತಜ್ಞರು ಕೂಡಿ, ಸ್ಥೂಲಕಾಯದವರಿಗೆ ಅಂಟಿಸುವ ಕಳಂಕವು ದೇಹಕ್ಕೂ ಮನಸ್ಸಿಗೂ ಹಾನಿಕರವೆಂದೂ ಅದನ್ನು ನಿಲ್ಲಿಸಬೇಕೆಂದೂ ಸಾರಿದ್ದಾರೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನಗುವವರಿಗೆ ಅಂಜಿದವನು ಮೈದಾನಕ್ಕೆ ಹೋಗುವುದಿಲ್ಲ, ವ್ಯಾಯಾಮಶಾಲೆಯ ಮೆಟ್ಟಿಲನ್ನೂ ಹತ್ತುವುದಿಲ್ಲ.

ಶಾಸ್ತ್ರದ ಅಳತೆಗೋಲು

ಈಗ ಶ್ರಾವಕಾಚಾರದ ದೃಷ್ಟಿಯಿಂದ ನೋಡೋಣ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇದ್ದುದನ್ನು ಇಲ್ಲವೆನ್ನುವುದು, ಇಲ್ಲದ್ದನ್ನು ಇದೆಯೆನ್ನುವುದು, ಒಂದು ವಸ್ತುವನ್ನು ಮತ್ತೊಂದೆನ್ನುವುದು, ಮತ್ತು ಗರ್ಹಿತ, ಸಾವದ್ಯ, ಅಪ್ರಿಯ ವಚನಗಳು. ಇವುಗಳಲ್ಲಿ ಗರ್ಹಿತ ವಚನದ ವಿವರಣೆಯಲ್ಲಿ ಚಾಡಿ, ಕಠೋರ ನುಡಿ ಇವುಗಳ ಜೊತೆಗೆ ಹಾಸ್ಯ ಬೆರೆತ ಹೀನ ಮಾತೂ ಸೇರಿದೆ. ಕೇಳುವವರಿಗೆ ಭಯ, ಖೇದ, ಶೋಕಗಳನ್ನುಂಟುಮಾಡುವುದು ಅಪ್ರಿಯ ವಚನ. ಅಂದರೆ ಚುಚ್ಚುವ ಮಾತು ಅಕ್ಷರಶಃ ನಿಜವಾಗಿದ್ದರೂ ಅದನ್ನು ಆಚಾರ್ಯರು ಸತ್ಯದ ಪಂಕ್ತಿಯಲ್ಲಿ ಕೂಡಿಸುವುದಿಲ್ಲ. ‘ನಿಜ ಹೇಳಿದೆ’ ಎಂಬ ಸಮರ್ಥನೆ ಇಲ್ಲಿಯೇ ಬಿದ್ದುಹೋಗುತ್ತದೆ.

ಅದೇ ವಿಂಗಡಣೆಯ ಮೂರನೆಯ ಬಗೆಯನ್ನೂ ಗಮನಿಸಬೇಕು. ಹಸುವನ್ನು ಕುದುರೆಯೆಂದಂತೆ ಒಂದನ್ನು ಇನ್ನೊಂದೆನ್ನುವುದು ಅದು. ತಲೆ ಕತ್ತರಿಸಿದ ಹೊಟ್ಟೆಯ ಚಿತ್ರ ಹಾಕಿ ‘ಇದೇ ನೀನು’ ಎನ್ನುವ ಫಲಕವು ಪುದ್ಗಲವನ್ನು ಜೀವವೆಂದು ಹೇಳುತ್ತಿದೆ. ದೇಹವೇ ತಾನೆಂದು ತಿಳಿದವನನ್ನು ನಮ್ಮವರು ಬಹಿರಾತ್ಮನೆಂದು ಕರೆದರು. ಈ ಜಾಹೀರಾತು ದಪ್ಪಗಿನವನಿಗೂ ತೆಳ್ಳಗಿನವನಿಗೂ ಆ ಬಹಿರಾತ್ಮಬುದ್ಧಿಯನ್ನೇ ಉಪದೇಶಿಸುತ್ತದೆ. ಒಬ್ಬನಲ್ಲಿ ದೇಹದ ಜುಗುಪ್ಸೆ, ಇನ್ನೊಬ್ಬನಲ್ಲಿ ದೇಹದ ಮದ. ಸಮಂತಭದ್ರಾಚಾರ್ಯರ ರತ್ನಕರಂಡಕದಲ್ಲಿ ಹೇಳಿದ ಎಂಟು ಮದಗಳಲ್ಲಿ ಶರೀರಮದವೂ ಒಂದು. ಕುಲಮದ, ಧನಮದಗಳ ಬಗ್ಗೆ ಪ್ರವಚನಗಳಲ್ಲಿ ಬಹಳ ಕೇಳಿದ್ದೇವೆ. ಶರೀರಮದದ ವಿಷಯ ಈ ಕಾಲಕ್ಕೆ ಹೆಚ್ಚು ಬೇಕಾದದ್ದು.

ಸತ್ಯವ್ರತವನ್ನು ದೃಢಪಡಿಸುವ ಐದು ಭಾವನೆಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ: ಕ್ರೋಧ, ಲೋಭ, ಭಯ, ಹಾಸ್ಯ ಇವುಗಳ ತ್ಯಾಗ ಮತ್ತು ವಿಚಾರಪೂರ್ವಕ ಭಾಷಣ. ಮಾತನಾಡುವವನಲ್ಲಿ ಈ ನಾಲ್ಕು ಇದ್ದರೆ ಸತ್ಯ ಕೆಡುತ್ತದೆಂದು ಇದರ ತಾತ್ಪರ್ಯ. ನಿಂದೆಯ ಜಾಹೀರಾತು ಲೋಭದಿಂದ ಹುಟ್ಟುತ್ತದೆ, ಹಾಸ್ಯದ ವೇಷ ಹಾಕುತ್ತದೆ, ಭಯವನ್ನು ಮಾರುತ್ತದೆ. ವಿಚಾರಪೂರ್ವಕ ಭಾಷಣ ಮಾತ್ರ ಅದರಲ್ಲಿರುವುದಿಲ್ಲ.

ಅತಿಚಾರಗಳ ಪಟ್ಟಿಯನ್ನು ತೆರೆದರೆ ನಮ್ಮ ಕಾಲದ ಜಾಹೀರಾತಿನ ತಂತ್ರಗಳು ಅಲ್ಲಿ ಹೆಸರು ಹಿಡಿದು ನಿಂತಂತೆ ಕಾಣುತ್ತವೆ. ತಿಂಗಳಲ್ಲಿ ಇಷ್ಟು ಕಿಲೋ ಇಳಿಸುತ್ತೇವೆಂಬುದು ಮಿಥ್ಯೋಪದೇಶ. ಕಂಪ್ಯೂಟರಿನಲ್ಲಿ ತಿದ್ದಿದ ‘ಮೊದಲು, ನಂತರ’ ಚಿತ್ರಗಳು ಕೂಟಲೇಖಕ್ರಿಯೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಆಶ್ರಿತರಿಗೆ ಅನ್ನನೀರು ತಪ್ಪಿಸುವುದು ಅದರ ಮೂಲಾರ್ಥ. ದಾವಣಗೆರೆಯು ೧೯೬೫ರಲ್ಲಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಂದಿನಿಂದ ಹೊರ ಊರಿನ ವಿದ್ಯಾರ್ಥಿಗಳು ಬಂದು ನೆಲೆಸುವ ಊರು. ಈಗಂತೂ ವಿದ್ಯಾರ್ಥಿನಿಲಯಗಳು ಎಲ್ಲೆಡೆ ಇವೆ. ತಾಯಿತಂದೆಯರಿಂದ ದೂರವಿರುವ ಹದಿನೆಂಟರ ಹುಡುಗಿ ಗೋಡೆಯ ಚಿತ್ರ ನೋಡಿ ನಾಚಿ ರಾತ್ರಿಯ ಊಟ ಬಿಟ್ಟರೆ, ಆ ತಟ್ಟೆಯನ್ನು ಅವಳ ಮುಂದಿನಿಂದ ತೆಗೆದವರು ಯಾರು? ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕನ್ನಡ ಕಿರುತೆರೆಯ ೨೧ ವರ್ಷದ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡರು. ಅದಕ್ಕೆ ಯಾವುದೋ ಒಂದು ಜಾಹೀರಾತನ್ನು ಹೊಣೆ ಮಾಡುವುದು ನ್ಯಾಯವಾಗದು. ಆದರೆ ಇಪ್ಪತ್ತೊಂದರ ವಯಸ್ಸಿನವರಿಗೂ ತಮ್ಮ ದೇಹ ಸಾಲದೆನಿಸುವ ವಾತಾವರಣವೊಂದು ನಮ್ಮ ನಡುವೆ ಇದೆಯೆಂಬುದನ್ನು ಅದು ನೆನಪಿಸುತ್ತದೆ.

ಇದಕ್ಕೆ ಪ್ರತಿಯಾದ ಗುಣವನ್ನು ಶಾಸ್ತ್ರವು ಸಮ್ಯಗ್ದರ್ಶನದ ಮೂರನೆಯ ಅಂಗವಾಗಿ ಇಟ್ಟಿದೆ. ಅದೇ ನಿರ್ವಿಚಿಕಿತ್ಸೆ, ದೇಹವನ್ನು ಕಂಡು ಅಸಹ್ಯಪಡದಿರುವುದು. ಅದಕ್ಕೆ ದೃಷ್ಟಾಂತ ಉದ್ದಾಯನ ಮಹಾರಾಜ. ರೋಗಪೀಡಿತ ಮುನಿಯ ರೂಪದಲ್ಲಿ ಬಂದ ದೇವನು ಆಹಾರ ಸ್ವೀಕರಿಸಿ ರಾಜನ ಮೇಲೆಯೇ ವಾಂತಿ ಮಾಡಿದಾಗ, ತಾನು ಕೊಟ್ಟ ಆಹಾರವೇ ಸರಿಯಿರಲಿಲ್ಲವೇನೋ ಎಂದು ರಾಜನು ಮರುಗಿ ಮುನಿಯ ಮೈ ತೊಳೆದನೆಂದು ಕಥೆ. ವಾಂತಿಯನ್ನೇ ಅಸಹ್ಯಪಡದವನ ಪರಂಪರೆಯವರು ನಾವು. ಒಬ್ಬರ ಸೊಂಟದ ಸುತ್ತಳತೆಯನ್ನು ಕಂಡು ಮುಖ ಸಿಂಡರಿಸುವುದು ಆ ಪರಂಪರೆಗೆ ಒಪ್ಪುವುದೇ?

ಮೂರು ಆಕ್ಷೇಪಗಳು

ಸ್ಥೂಲಕಾಯ ನಿಜವಾಗಿಯೂ ರೋಗಗಳಿಗೆ ದಾರಿಯಲ್ಲವೇ, ಅದನ್ನು ಹೇಳಬಾರದೇ ಎಂಬುದು ಮೊದಲ ಆಕ್ಷೇಪ. ಖಂಡಿತವಾಗಿ ಹೇಳಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವುಗಳ ವಿಷಯವನ್ನು ವೈದ್ಯನು ರೋಗಿಗೆ ಎದುರು ಕೂಡಿಸಿಕೊಂಡು, ಅವನ ಹಿತಕ್ಕಾಗಿ, ಅವನೊಬ್ಬನಿಗೇ ಹೇಳುತ್ತಾನೆ. ಫಲಕವು ಅದನ್ನು ಊರಿಗೆಲ್ಲ ಹೇಳುತ್ತದೆ, ಅದೂ ಮಾರಾಟಕ್ಕಾಗಿ. ಮಾತು ಒಂದೇ ಇದ್ದರೂ ಹೇಳುವ ಭಾವ, ಸ್ಥಳ, ಪ್ರಯೋಜನಗಳು ಬೇರೆಯಾದಾಗ ವಚನವೇ ಬೇರೆಯಾಗುತ್ತದೆ. ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವ ಅವಮೌದರ್ಯವನ್ನು ನಮ್ಮವರು ಬಾಹ್ಯತಪಸ್ಸಿನಲ್ಲಿ ಎಣಿಸಿದ್ದಾರೆ. ಆದರೆ ತಪಸ್ಸು ತಾನಾಗಿ ಕೈಗೊಳ್ಳುವಂಥದು. ಬೈಸಿಕೊಂಡು ಬಿಟ್ಟ ಊಟ ತಪಸ್ಸಲ್ಲ, ಅದು ಆರ್ತಧ್ಯಾನ.

ವಿನೋದವನ್ನು ವಿನೋದವಾಗಿ ಕಾಣಬಾರದೇ ಎಂಬುದು ಎರಡನೆಯದು. ವಿನೋದದಲ್ಲಿ ನಗುವವನೂ ನಗೆಗೆ ಗುರಿಯಾದವನೂ ಒಟ್ಟಿಗೆ ನಗಬೇಕು. ಒಬ್ಬನು ತಲೆ ತಗ್ಗಿಸಿ ರಸ್ತೆ ದಾಟಿದರೆ ಅದು ವಿನೋದವಲ್ಲ. ನಾವು ವರ್ತಕರಿಗೆ ಇದು ಚೆನ್ನಾಗಿ ತಿಳಿಯಬೇಕು. ವ್ಯಂಗ್ಯಚಿತ್ರಗಳಲ್ಲಿ, ಚಲನಚಿತ್ರಗಳಲ್ಲಿ ಸೇಠ, ಸಾಹುಕಾರ ಎಂದರೆ ಡೊಳ್ಳುಹೊಟ್ಟೆಯ ಮನುಷ್ಯ. ಬಡ್ಡಿ, ಕಪಟ, ದುರಾಸೆ ಎಲ್ಲವನ್ನೂ ಆ ಹೊಟ್ಟೆಯೊಳಗೆ ತುಂಬಿ ತೋರಿಸಿದ್ದಾರೆ. ಹೊಟ್ಟೆಯಿಂದ ಶೀಲವನ್ನು ಅಳೆಯುವುದು ಎಷ್ಟು ಅನ್ಯಾಯವೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮಾರಾಟಕ್ಕೆ ನಿಂದೆಯೇ ಬೇಕೆಂಬುದೂ ಸುಳ್ಳು. ೨೦೧೭ರಿಂದ ಕೆಲವು ವರ್ಷ ಪ್ರಸಾರವಾದ ‘ಬ್ರಹ್ಮಗಂಟು’ ಧಾರಾವಾಹಿಯ ನಾಯಕಿ ದಪ್ಪಗಿನ ಹುಡುಗಿ. ಗುಂಡಮ್ಮ ಎಂದು ಕರೆಸಿಕೊಂಡ ಆಕೆಯನ್ನೇ ಕಥೆಯ ನಡುವೆ ನಿಲ್ಲಿಸಿ ಕನ್ನಡದ ಮನೆಮಂದಿ ನೋಡಿದರು.

ಕಾನೂನು ತಡೆಯದಿರುವಾಗ ನಮಗೇಕೆ ಎಂಬುದು ಮೂರನೆಯದು. ಕಾನೂನು ಪೂರ್ತಿ ಮೌನವಾಗಿಲ್ಲ. ೧೯೫೪ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯಿದೆಯ ಅನುಸೂಚಿಯಲ್ಲಿ ಸ್ಥೂಲಕಾಯವೂ ಸೇರಿದೆ. ಅದನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವಂತಿಲ್ಲ. ೧೯೮೫ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯು ೨೦೨೨ರಲ್ಲಿ ತನ್ನ ಸಂಹಿತೆಯನ್ನು ವಿಸ್ತರಿಸಿ, ದೇಹದ ಆಕಾರದ ಆಧಾರದ ಮೇಲೆ ಹೀಯಾಳಿಸುವುದನ್ನೂ ಆಕ್ಷೇಪಾರ್ಹವೆಂದಿತು. ಅದೇ ವರ್ಷ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಆದರೆ ವ್ಯಾಯಾಮಶಾಲೆ ಔಷಧವಲ್ಲ, ಮಂಡಳಿಯ ಸಂಹಿತೆ ಉದ್ಯಮವು ತಾನೇ ಹಾಕಿಕೊಂಡ ಕಟ್ಟು, ಮತ್ತು ದೂರು ಹೋಗುವಷ್ಟರಲ್ಲಿ ಓಣಿಯ ಫ್ಲೆಕ್ಸ್ ಬದಲಾಗಿರುತ್ತದೆ. ಕಾನೂನಿನ ಕೈ ತಲಪದ ಜಾಗದಲ್ಲಿಯೇ ಅಣುವ್ರತದ ಕೆಲಸ ಆರಂಭವಾಗುತ್ತದೆ.

ಕೃತ, ಕಾರಿತ, ಅನುಮೋದಿತ

ಜಪಮಾಲೆಯ ೧೦೮ ಮಣಿಗಳ ಲೆಕ್ಕವನ್ನು ವಾಚಕರು ಬಲ್ಲರು. ಸಂರಂಭ, ಸಮಾರಂಭ, ಆರಂಭ ಮೂರು, ಮನ, ವಚನ, ಕಾಯ ಮೂರು, ಕೃತ, ಕಾರಿತ, ಅನುಮೋದಿತ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ ೧೦೮. ಇದರಲ್ಲಿ ಮಾಡಿದವನಿಗೆ ಇರುವಂತೆಯೇ ಮಾಡಿಸಿದವನಿಗೂ ಒಪ್ಪಿದವನಿಗೂ ಪಾಲಿದೆ. ನಿಂದೆಯ ಫಲಕವನ್ನು ಬರೆಸಿದವನು ವ್ಯಾಯಾಮಶಾಲೆಯವನಿರಬಹುದು. ಅದನ್ನು ಮುದ್ರಿಸಿದ ಅಂಗಡಿ ಯಾರದು? ತೂಗುಹಾಕಿದ ಕಟ್ಟಡ ಯಾರದು? ಪಿ.ಬಿ. ರಸ್ತೆಯಲ್ಲಿಯೋ ಹರಿಹರದ ಪೇಟೆಯಲ್ಲಿಯೋ ಮಳಿಗೆಯ ಮುಂಭಾಗವನ್ನು ಜಾಹೀರಾತಿಗೆ ಬಾಡಿಗೆ ಕೊಡುವವರು ವರ್ತಕರೇ. ಮದ್ಯದ ಅಥವಾ ಮಾಂಸದ ಜಾಹೀರಾತಿಗೆ ತನ್ನ ಗೋಡೆ ಕೊಡಲು ನಮ್ಮವನು ಹಿಂಜರಿಯುತ್ತಾನೆ. ಪರನಿಂದೆಯ ಜಾಹೀರಾತಿಗೆ ಹಿಂಜರಿಯುವುದಿಲ್ಲ. ಲಂಡನ್ನಿನ ಸಾರಿಗೆಯ ಗೋಡೆಗೆ ಸಾಧ್ಯವಾದದ್ದು ನಮ್ಮ ಮಳಿಗೆಯ ಗೋಡೆಗೆ ಸಾಧ್ಯವಿಲ್ಲವೇ? ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಯಾರ ದೇಹವನ್ನೂ ಹೀಯಾಳಿಸುವ ಬರಹ ಅಥವಾ ಚಿತ್ರವನ್ನು ಇಲ್ಲಿ ಹಾಕತಕ್ಕದ್ದಲ್ಲ.

ವಾಣಿಜ್ಯದ ದೃಷ್ಟಿಯಿಂದಲೂ ಇದು ನಷ್ಟದ ಮಾತಲ್ಲ. ಬಟ್ಟೆ ಅಂಗಡಿಗೆ ದೊಡ್ಡ ಅಳತೆ ಕೇಳಿ ಬಂದ ಗಿರಾಕಿಗೆ ‘ನಿಮ್ಮ ಅಳತೆಯದು ಇಲ್ಲ’ ಎಂದು ನಾಲ್ಕು ಜನರ ಮುಂದೆ ಹೇಳದೆ, ಥಾನಿನಿಂದ ಬಟ್ಟೆ ಹರಿದು ಕೊಟ್ಟು ಹೊಲಿಸಿಕೊಳ್ಳಲು ಹೇಳುವುದು ಬಲ್ಲ ವರ್ತಕನ ರೀತಿ. ಆ ಗಿರಾಕಿ ಮತ್ತೆ ಬರುತ್ತಾನೆ. ಲೆಕ್ಕಪತ್ರದಲ್ಲಿ ಇದನ್ನೇ ಕೀರ್ತಿಮೌಲ್ಯವೆಂದು ಬರೆಯುತ್ತೇವೆ. ನಿಂದೆಯಿಂದ ಗಳಿಸಿದ ಲಾಭದಲ್ಲಿ ಒಂದು ದೋಷವಿದೆ: ಜಮೆ ಒಬ್ಬರ ಪುಸ್ತಕದಲ್ಲಿ, ಖರ್ಚು ಇನ್ನೊಬ್ಬರ ಮನೆಯಲ್ಲಿ. ಊಟ ಬಿಟ್ಟ ಮಗಳ ಚಿಂತೆಯನ್ನು ಹೊರುವವರು ಅವಳ ತಾಯಿತಂದೆ; ಫಲಕದವನ ಅಢಾವೆ ಪತ್ರಿಕೆಯಲ್ಲಿ ಅದು ಕಾಣುವುದಿಲ್ಲ.

ಅನುಮೋದನೆಯ ಮಾತು ಬಂದಾಗ ಮನೆಯೊಳಗನ್ನೂ ನೋಡಬೇಕು. ಮಗುವನ್ನು ‘ಡುಮ್ಮ’ ಎಂದೂ ‘ನರಪೇತಲ’ ಎಂದೂ ಕರೆಯುವವರು ಹೊರಗಿನವರಲ್ಲ. ಹೆಣ್ಣು ನೋಡಲು ಹೋದಾಗ ತೂಕದ ಮಾತನ್ನು ಎತ್ತುವವರು ನಾವೇ. ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಉಪವಾಸ ಮಾಡಿದವರಿಗೆ ‘ಎಷ್ಟು ಇಳಿದಿರಿ!’ ಎಂದು ಅಭಿನಂದಿಸುವ ರೂಢಿಯೂ ಹುಟ್ಟಿಕೊಂಡಿದೆ. ಕಷಾಯ ಎಷ್ಟು ಇಳಿಯಿತೆಂದು ಕೇಳಬೇಕಾದ ಕಡೆ ಕಿಲೋ ಎಷ್ಟು ಇಳಿಯಿತೆಂದು ಕೇಳುವುದು ತಪಸ್ಸಿಗೆ ಅಪಚಾರ. ಫಲಕದವನು ನಮ್ಮ ಮನೆಯ ಮಾತನ್ನೇ ದೊಡ್ಡಕ್ಷರದಲ್ಲಿ ಬರೆಸಿದ್ದಾನೆ. ಮನೆಯಲ್ಲಿ ಆ ಮಾತು ನಿಂತರೆ ಬೀದಿಯಲ್ಲಿ ಅದಕ್ಕೆ ಬೆಲೆ ಬಾರದು.

ಆದ್ದರಿಂದ ಈ ವಿಮರ್ಶೆಯ ನಿರ್ಣಯ ಇಷ್ಟು. ಆರೋಗ್ಯಕ್ಕೆ ಕರೆಯುವ ಜಾಹೀರಾತು ಒಪ್ಪತಕ್ಕದ್ದು, ಪ್ರೋತ್ಸಾಹಿಸತಕ್ಕದ್ದು. ದೇಹವನ್ನು ನಿಂದಿಸಿ ಮಾರುವ ಜಾಹೀರಾತು ಕಾನೂನಿಗೆ ಸಮ್ಮತವಾಗಿದ್ದರೂ ಶ್ರಾವಕನಿಗೆ ಸಮ್ಮತವಲ್ಲ. ಅದರಲ್ಲಿ ಅಸತ್ಯವಿದೆ, ವಚನದ ಹಿಂಸೆಯಿದೆ, ಮದದ ಬೋಧನೆಯಿದೆ. ಹೇಳಿಕೊಳ್ಳುವ ಪ್ರಯೋಜನ ಮಾತ್ರ ಇಲ್ಲ. ನಮ್ಮಲ್ಲಿ ವ್ಯಾಯಾಮಶಾಲೆ ನಡೆಸುವ ತರುಣರಿದ್ದರೆ, ಫಲಕ ಬರೆಸುವ ಮುನ್ನ ಅದನ್ನು ತಮ್ಮ ತಾಯಿಯ ಮುಂದೆ, ದಪ್ಪಗಿರುವ ತಮ್ಮ ತಂಗಿಯ ಮುಂದೆ ಒಮ್ಮೆ ಗಟ್ಟಿಯಾಗಿ ಓದಲಿ. ಓದಲು ಸಂಕೋಚವೆನಿಸಿದ ಸಾಲನ್ನು ಅಳಿಸಲಿ. ಅಷ್ಟರಿಂದ ಸದಸ್ಯರ ಸಂಖ್ಯೆ ಕಡಿಮೆಯಾಗುವುದಿಲ್ಲ. ಬಾಗಿಲಿನವರೆಗೆ ಬಂದು ಹಿಂತಿರುಗುತ್ತಿದ್ದ ಕೆಲವರು ಒಳಗೆ ಬಂದಾರು.